ಹೊರಗೆ ನಿಂತವರ ಶಿಕ್ಷೆ, ಒಳಗೆ ಕೂತವರ ಶಿಕ್ಷೆ

(ಚಿಕ್ಕಮಗಳೂರಿನಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳನ್ನು ಮನೆಗೆ ಬಂದು ನಾನೇ ಬರೆದಿಟ್ಟದ್ದು. ಎಡವಿದ ಕಡೆ ತಿದ್ದಿದ್ದೇನೆ. ಸಭೆಯವರ ಮಾತುಗಳನ್ನು ನೆನಪಿದ್ದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ‘ನ್ಯಾಯಾಂಗದಲ್ಲಿ ಮೂವತ್ತು ವರ್ಷ ಸೇವೆ’ ಅಂದರು. ನಾನು ಜಡ್ಜ್ ಆಗಿದ್ದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಈಗಲೇ ಹೇಳಿಬಿಡುತ್ತೇನೆ, ಇಲ್ಲ. ಸ್ಟೆನೋ ಆಗಿ ಸೇರಿ ಜಡ್ಜ್‌ಮೆಂಟ್ ರೈಟರ್ ಆಗಿ ನಿವೃತ್ತನಾದವನು ನಾನು. ನಮ್ಮ ಇಲಾಖೆಯಲ್ಲಿ ಹಾಗೊಂದು ಹುದ್ದೆ ಇದೆ. ಹೆಸರು ದೊಡ್ಡದು, ಕೆಲಸ ಸಾಹೇಬರು ಹೇಳಿದ್ದನ್ನು ಬರೆದುಕೊಂಡು ಟೈಪ್ ಮಾಡುವುದು. ನಮ್ಮ ಅತ್ತೆಯವರು ಮಾತ್ರ ‘ನಮ್ಮ ಅಳಿಯಂದಿರೇ ತೀರ್ಪು ಬರೆಯೋದು’ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದರು. ನಾನೂ ತಿದ್ದಲು ಹೋಗಲಿಲ್ಲ.

ಶಿಕ್ಷೆ ಎಷ್ಟು ಕೊಡಬೇಕು, ಜನ ಏನೆನ್ನುತ್ತಾರೆ, ಜಡ್ಜ್ ಏನು ಮಾಡುತ್ತಾರೆ – ಇದು ಇವತ್ತಿನ ವಿಷಯ. ಭಾಷಣಕ್ಕೆ ಮೊದಲು ಒಂದು ಕೇಸು ಕೊಡುತ್ತೇನೆ. ನೀವೇ ಜಡ್ಜ್ ಆಗಿ. ಪೇಪರಿನಲ್ಲಿ ಬರುವಷ್ಟೇ ಹೇಳುತ್ತೇನೆ: ‘ಆಲ್ದೂರು ಸಮೀಪದ ತೋಟವೊಂದರ ಕಣದಲ್ಲಿ ಒಣಗಲು ಹಾಕಿದ್ದ 40 ಕೆಜಿ ಕಾಳುಮೆಣಸು ಕಳವು. ಇಬ್ಬರ ಬಂಧನ. ಬೈಕ್ ವಶ.’ ಎಷ್ಟು ಶಿಕ್ಷೆ? ಎರಡು ವರ್ಷಕ್ಕೆ ಮೇಲ್ಪಟ್ಟು ಅನ್ನುವವರು ಕೈ ಎತ್ತಿ.

(ಮುಕ್ಕಾಲು ಸಭೆ ಕೈ ಎತ್ತಿತು. ಹಿಂದಿನ ಸಾಲಿನಿಂದ ಒಬ್ಬರು, ‘ಕೈ ಕಾಲು ಮುರೀಬೇಕು ಸಾರ್’ ಅಂದರು. ಆ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ತೋಟದವರೇ ಇರಬೇಕು ಅಂದುಕೊಂಡೆ.)

ಸರಿ, ಕೈ ಇಳಿಸಿ. ಈಗ ಅದೇ ಕೇಸು, ಫೈಲು ಬಿಚ್ಚಿ ಹೇಳುತ್ತೇನೆ. ಇಬ್ಬರಲ್ಲಿ ಒಬ್ಬನಿಗೆ ಮೂವತ್ತನಾಲ್ಕು ವಯಸ್ಸು. ಬೈಕು ಅವನದು, ಹಿಂದೆ ಒಂದು ಕಳವು ಕೇಸಿನಲ್ಲಿ ಶಿಕ್ಷೆಯಾದವನು. ಇನ್ನೊಬ್ಬ ಇಪ್ಪತ್ತರ ಹುಡುಗ, ಅದೇ ತೋಟದ ಕೂಲಿಯವರ ಲೈನ್ ಮನೆಯವನು. ಕಣ ಎಲ್ಲಿ, ನಾಯಿ ಎಲ್ಲಿ ಕಟ್ಟುತ್ತಾರೆ ಅಂತ ತೋರಿಸಿದವನು ಅವನೇ. ಚೀಲ ಹೊತ್ತವನೂ ಅವನೇ. ಮಾಲು ಅರ್ಧ ರೇಟಿಗೆ ಹೋಯಿತು. ಹುಡುಗನ ಪಾಲಿಗೆ ಬಂದದ್ದು ನಾಲ್ಕು ಸಾವಿರ. ಅದರಲ್ಲಿ ಹಳೇ ಮೊಬೈಲ್ ತೆಗೆದುಕೊಂಡ. ಅಮ್ಮನ ಔಷಧಿಗೆ ಕೊಟ್ಟ ಅಂತ ಹೇಳಿದರೆ ನಿಮಗೆ ಕರುಣೆ ಬಂದೀತು, ಆದರೆ ಅವನು ತೆಗೆದುಕೊಂಡದ್ದು ಮೊಬೈಲನ್ನೇ. ಮಾರನೇ ದಿನ ಏನೂ ಆಗದವನ ಹಾಗೆ ಅದೇ ತೋಟಕ್ಕೆ ಕೆಲಸಕ್ಕೆ ಹೋದ. ಸಿಕ್ಕಿಬಿದ್ದ ಮೇಲೆ ಬೇಲು ಸಿಕ್ಕಿತು, ಜಾಮೀನು ನಿಲ್ಲಲು ಪಹಣಿ ಇರುವ ಒಬ್ಬರೂ ಬರಲಿಲ್ಲ. 67 ದಿನ ಒಳಗಿದ್ದ. ಕೋರ್ಟಿನಲ್ಲಿ ‘ತಪ್ಪಾಯ್ತು ಸ್ವಾಮಿ’ ಅಂತ ಒಪ್ಪಿಕೊಂಡ.

(ಇಲ್ಲಿಂದ ಹತ್ತು ನಿಮಿಷ ನನಗೆ ಮಾತಾಡಲು ಬಿಡಲಿಲ್ಲ. ದೊಡ್ಡವನಿಗೆ ಏನಾಯಿತು? ಹುಡುಗನಿಗೆ ಕೂಲಿ ಬಾಕಿ ಇತ್ತಾ? ಮಾಲು ಕೊಂಡ ವ್ಯಾಪಾರಿಯನ್ನು ಯಾಕೆ ಹಿಡಿಯಲಿಲ್ಲ? ಮೆಣಸು ವಾಪಸ್ ಸಿಕ್ಕಿತಾ? ಹುಡುಗ ಓದಿದ್ದಾನಾ? ಮುಂದಿನ ಸಾಲಿನ ಒಬ್ಬ ಅಮ್ಮ, ‘ಆ ನಾಯಿ ಬೊಗಳಲಿಲ್ವಾ?’ ಅಂದರು. ಪತ್ತೇದಾರಿಗೆ ಸರಿಯಾದ ಪ್ರಶ್ನೆ ಅದು. ಹುಡುಗನ ಗುರುತು ನಾಯಿಗೆ ಇತ್ತು, ಬೊಗಳಲಿಲ್ಲ.)

ಈಗ ಹುಡುಗನಿಗೆ ಎರಡು ವರ್ಷ ಅನ್ನುವವರು ಕೈ ಎತ್ತಿ. ನಾಲ್ಕು, ಐದು. ಹಿಂದಿನ ಸಾಲಿನ ಯಜಮಾನರು ಕೈ ಇಳಿಸಿಲ್ಲ. ಇರಲಿ, ಅವರಿಗೆ ಆಮೇಲೆ ಬರುತ್ತೇನೆ. ಒಂದು ಗಮನಿಸಿದಿರಾ? ಮೊದಲ ಸಲ ನಾನು ಕೇಸು ಹೇಳಿದಾಗ ನಿಮ್ಮಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನೇರ ಶಿಕ್ಷೆಗೇ ಹೋದಿರಿ. ಎರಡನೇ ಸಲ ಪ್ರಶ್ನೆಯ ಮೇಲೆ ಪ್ರಶ್ನೆ. ಪ್ರಶ್ನೆ ಶುರುವಾದ ಮೇಲೆ ಕೈಗಳು ಇಳಿದವು.

ಈ ಆಟ ನಾನು ಕಂಡುಹಿಡಿದದ್ದಲ್ಲ. ಕೆನಡಾದಲ್ಲಿ 1980ರ ದಶಕದಲ್ಲಿ ಆಂಥೊನಿ ಡೂಬ್, ಜೂಲಿಯನ್ ರಾಬರ್ಟ್ಸ್ ಎಂಬ ಸಂಶೋಧಕರು ಇದನ್ನೇ ಕ್ರಮವಾಗಿ ಮಾಡಿ ನೋಡಿದ್ದರು. ಕೆಲವರಿಗೆ ಒಂದು ಕೇಸಿನ ಪತ್ರಿಕಾ ವರದಿ ಕೊಟ್ಟರು, ಇನ್ನು ಕೆಲವರಿಗೆ ಅದೇ ಕೇಸಿನ ಕೋರ್ಟಿನ ದಾಖಲೆ ಕೊಟ್ಟರು. ವರದಿ ಓದಿದವರಿಗೆ ಶಿಕ್ಷೆ ತೀರಾ ಕಡಿಮೆ ಅನ್ನಿಸಿತು. ದಾಖಲೆ ಓದಿದವರಲ್ಲಿ ಹಾಗನ್ನಿಸಿದವರು ಬಹಳ ಕಡಿಮೆ.

ಆದರೆ ನನಗೆ ಇದಕ್ಕಿಂತ ಹಿಡಿಸಿದ್ದು ಟ್ಯಾಸ್ಮೇನಿಯಾದ ಅಧ್ಯಯನ. ಆಸ್ಟ್ರೇಲಿಯಾದ ಕೆಳಗಿರುವ ದ್ವೀಪ ರಾಜ್ಯ ಅದು. ಅಲ್ಲಿ ಈಗಲೂ ಜ್ಯೂರಿ ಪದ್ಧತಿ ಇದೆ. ಊರಿನ ಸಾಮಾನ್ಯ ಜನರಲ್ಲೇ ಹನ್ನೆರಡು ಮಂದಿಯನ್ನು ಆರಿಸಿ ಕೂರಿಸುತ್ತಾರೆ – ಅಂಗಡಿಯವರು, ಟೀಚರು, ಡ್ರೈವರು, ಯಾರೂ ಆಗಬಹುದು. ಅವರು ಹೇಳಬೇಕಾದ್ದು ಆರೋಪಿ ತಪ್ಪಿತಸ್ಥನೋ ಅಲ್ಲವೋ, ಅಷ್ಟೇ. ಶಿಕ್ಷೆ ಎಷ್ಟು ಅನ್ನುವುದು ಜಡ್ಜ್‌ಗೆ ಬಿಟ್ಟದ್ದು. ಕೇಟ್ ವಾರ್ನರ್ ಎಂಬ ಕಾನೂನು ಪ್ರಾಧ್ಯಾಪಕಿ – ಮುಂದೆ ಆ ರಾಜ್ಯದ ಗವರ್ನರ್ ಕೂಡ ಆದರು – ತಮ್ಮ ಸಂಗಡಿಗರೊಂದಿಗೆ 138 ಮೊಕದ್ದಮೆಗಳ ಜ್ಯೂರಿ ಸದಸ್ಯರನ್ನು ಹಿಡಿದರು. ಸಾಕ್ಷಿ ಕೇಳಿದ್ದೀರಿ, ಆರೋಪಿಯ ಮುಖ ನೋಡಿದ್ದೀರಿ, ದೋಷಿ ಅಂತ ನೀವೇ ಹೇಳಿದ್ದೀರಿ, ಈಗ ನೀವೇ ಜಡ್ಜ್ ಆಗಿದ್ದರೆ ಎಷ್ಟು ಕೊಡುತ್ತಿದ್ದಿರಿ ಅಂತ ಕೇಳಿದರು. ಫಲಿತಾಂಶ 2011ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಮಂದಿ ಜಡ್ಜ್ ಕೊಟ್ಟದ್ದಕ್ಕಿಂತ ಕಡಿಮೆ ಶಿಕ್ಷೆ ಹೇಳಿದ್ದರು. ಜಡ್ಜ್ ಎಷ್ಟು ಕೊಟ್ಟರು ಅಂತ ತಿಳಿಸಿದ ಮೇಲೆ ನೂರಕ್ಕೆ ತೊಂಬತ್ತು ಮಂದಿ, ಸರಿಯಾಗಿದೆ ಅಂದರು.

ನಗು ಬರುವ ಭಾಗ ಮುಂದಿದೆ. ಅದೇ ಜನರನ್ನು, ಒಟ್ಟಾರೆ ನಿಮ್ಮ ರಾಜ್ಯದಲ್ಲಿ ಶಿಕ್ಷೆ ಹೇಗಿದೆ ಅಂತ ಕೇಳಿದರೆ, ಹಿಂಸೆ, ಲೈಂಗಿಕ ಅಪರಾಧ, ಮಾದಕ ವಸ್ತು, ಇವಕ್ಕೆಲ್ಲ ತೀರಾ ಕಡಿಮೆ ಅಂದವರೇ ಹೆಚ್ಚು! ನಾನು ಕೂತ ಕೇಸಿನ ಜಡ್ಜ್ ಸರಿ, ಮಿಕ್ಕ ಜಡ್ಜ್‌ಗಳೆಲ್ಲ ಮೆದು. ನಮ್ಮ ಡಾಕ್ಟರು ದೇವರಂಥವರು, ಡಾಕ್ಟರುಗಳೆಲ್ಲ ಸುಲಿಗೆಕೋರರು ಅನ್ನುತ್ತೇವಲ್ಲ, ಹಾಗೆ.

ಹಾಗಾದರೆ ನಮ್ಮಲ್ಲೂ ಜ್ಯೂರಿ ತರೋಣ ಅಂತ ಒಂದು ಚೀಟಿ ಬಂದಿದೆ. ಇತ್ತು ಸ್ವಾಮಿ. ನಾನಾವತಿ ಕೇಸು ಹಿರಿಯರಿಗೆ ನೆನಪಿರಬೇಕು. 1959ರ ಏಪ್ರಿಲ್‌ನಲ್ಲಿ ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಬೊಂಬಾಯಿಯಲ್ಲಿ ಗುಂಡಿಟ್ಟು ಕೊಂದರು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಜನ ‘ನಿರಪರಾಧಿ’ ಅಂದರು. ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯ ಪರ ಡಂಗುರ ಹೊಡೆಯುತ್ತಿತ್ತು. ಸೆಷನ್ಸ್ ಜಡ್ಜ್ ಜ್ಯೂರಿಯ ಮಾತು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. 1964ರಲ್ಲಿ ಕ್ಷಮಾದಾನ ಸಿಕ್ಕಿ ಹೊರಗೆ ಬಂದರು. ಈ ಕೇಸಿನಿಂದಲೇ ಜ್ಯೂರಿ ಹೋಯಿತು ಅನ್ನುವುದು ಪೂರ್ತಿ ನಿಜವಲ್ಲ. ಕೊಲೆ ನಡೆಯುವ ಮೊದಲೇ, 1958ರಲ್ಲೇ, ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡ ಅಂದಿತ್ತು. ಪೂರ್ತಿ ಬಾಗಿಲು ಹಾಕಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. ನನಗೆ ಈ ಕೇಸು ಬೇಕಾದದ್ದು ಬೇರೆ ಕಾರಣಕ್ಕೆ. ಜನ ಅಂದರೆ ಯಾವಾಗಲೂ ಗಲ್ಲು ಕೇಳುವವರು ಅಂದುಕೊಳ್ಳುತ್ತೇವೆ. ಇಲ್ಲಿ ಜನ ಬಿಡಿ ಬಿಡಿ ಅಂತ ಕೂಗಿದರು. ನೋಡಲು ಚೆಂದ, ಬಿಳಿ ಯೂನಿಫಾರಂ, ಮೋಸ ಹೋದ ಗಂಡ. ಲೈನ್ ಮನೆಯ ಹುಡುಗನಿಗೆ ಆ ಯೂನಿಫಾರಂ ಎಲ್ಲಿಂದ ತರೋಣ? ನನ್ನನ್ನು ಕೇಳಿದರೆ ಜ್ಯೂರಿ ವಾಪಸ್ ಬೇಡ. ಜಾತಿ, ಪಕ್ಷ, ನೆಂಟಸ್ತನ ಬಿಟ್ಟು ಹನ್ನೆರಡು ಮಂದಿಯನ್ನು ನಮ್ಮ ಒಂದು ತಾಲ್ಲೂಕಿನಲ್ಲಿ ಹುಡುಕಿ ಕೊಡಿ, ಆಮೇಲೆ ಮಾತಾಡೋಣ.

ಜನರ ಮಾತಿಗೆ ಜಡ್ಜ್ ಎಷ್ಟು ಕಿವಿ ಕೊಡಬೇಕು? ಸುಪ್ರೀಂ ಕೋರ್ಟು ಇದಕ್ಕೆ ಎರಡು ನಾಲಗೆಯಲ್ಲಿ ಉತ್ತರ ಕೊಟ್ಟಿದೆ. 1980ರ ಬಚನ್ ಸಿಂಗ್ ತೀರ್ಪು ‘ಅಪರೂಪದಲ್ಲಿ ಅಪರೂಪ’ದ ಕೇಸಿಗೆ ಮಾತ್ರ ಗಲ್ಲು ಅಂದದ್ದು ನಿಮಗೆ ಗೊತ್ತು. ಜನಾಭಿಪ್ರಾಯದ ವಕ್ತಾರಿಕೆಯನ್ನು ನ್ಯಾಯಾಧೀಶರು ಮೈಮೇಲೆ ಹಾಕಿಕೊಳ್ಳಬಾರದು ಅಂತಲೂ ಅದೇ ತೀರ್ಪು ಎಚ್ಚರಿಸಿತ್ತು. ಮೂರೇ ವರ್ಷ. 1983ರ ಮಚ್ಛಿ ಸಿಂಗ್ ತೀರ್ಪಿನಲ್ಲಿ ‘ಸಮುದಾಯದ ಸಾಮೂಹಿಕ ಆತ್ಮಸಾಕ್ಷಿ’ ಅನ್ನುವ ಮಾತು ಒಳಗೆ ಬಂತು. 2005ರಲ್ಲಿ ಸಂಸತ್ ದಾಳಿ ಕೇಸಿನಲ್ಲಿ ಗಲ್ಲಿಗೆ ಅದೂ ಒಂದು ಆಧಾರವಾಯಿತು. ಮೂವತ್ತು ವರ್ಷ ಜಡ್ಜ್‌ಗಳ ಪಕ್ಕದಲ್ಲೇ ಕೂತ ನಾನು ಒಂದು ಮಾತು ಹೇಳಬಲ್ಲೆ. ಎಕ್ಸಿಬಿಟ್ ಪಟ್ಟಿಯಲ್ಲಿ ಚಾಕು ನೋಡಿದ್ದೇನೆ, ರಕ್ತದ ಅಂಗಿ ನೋಡಿದ್ದೇನೆ. ಸಾಮೂಹಿಕ ಆತ್ಮಸಾಕ್ಷಿಯನ್ನು ಯಾರೂ ಗುರುತು ಹಾಕಿಸಿ ಹಾಜರುಪಡಿಸಿದ್ದು ನೋಡಿಲ್ಲ.

ಹಾಗಂತ ಜಡ್ಜ್‌ಗಳೆಲ್ಲ ಗದ್ದಲಕ್ಕೆ ಬಾಗುತ್ತಾರೆ ಅಂತ ಅಲ್ಲ. ಕೋಲ್ಕತ್ತದ ವೈದ್ಯೆಯ ಅತ್ಯಾಚಾರ, ಕೊಲೆ ಕೇಸು ಇಡೀ ದೇಶದ ಹೊಟ್ಟೆ ಕುದಿಸಿತ್ತು. ಮುಖ್ಯಮಂತ್ರಿಯಿಂದ ಹಿಡಿದು ಎಲ್ಲರಿಗೂ ಗಲ್ಲೇ ಬೇಕಿತ್ತು. 2025ರ ಜನವರಿ 20ರಂದು ಸಿಯಾಲ್ದಾ ಕೋರ್ಟಿನ ಜಡ್ಜ್ ಇದು ಅಪರೂಪದಲ್ಲಿ ಅಪರೂಪ ಅಲ್ಲ ಅಂತ ಜೀವಾವಧಿ ಕೊಟ್ಟರು. ಸರಿಯೋ ತಪ್ಪೋ, ಆ ದಿನ ಆ ಕುರ್ಚಿಯಲ್ಲಿ ಕೂರಲು ಎದೆ ಬೇಕಿತ್ತು. 2019ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದಾಗ ಜನ ಹೂವು ಎರಚಿದರು. ನಮ್ಮ ಬೀದಿಯಲ್ಲೂ ಸಿಹಿ ಹಂಚಿದರು, ನಾನೂ ಒಂದು ತುಂಡು ಮೈಸೂರು ಪಾಕ್ ಬಾಯಿಗೆ ಹಾಕಿಕೊಂಡೆ, ಸುಳ್ಳು ಯಾಕೆ. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದು ಅಂತ 2022ರಲ್ಲಿ ವರದಿ ಕೊಟ್ಟಿತು. ಯಾರೂ ಮೈಸೂರು ಪಾಕ್ ವಾಪಸ್ ಕೇಳಲು ಬರಲಿಲ್ಲ.

ಈಗ ನಮ್ಮ ಜನರ ಒಂದು ದೊಡ್ಡ ನಂಬಿಕೆ. ಜೀವಾವಧಿ ಅಂದರೆ ಎಷ್ಟು ವರ್ಷ? (ಎಲ್ಲ ಕಡೆಯಿಂದ ‘ಹದಿನಾಲ್ಕು’. ಒಬ್ಬ ಯುವಕ ಎದ್ದು, ‘ಏಳು ಸಾರ್, ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಲೆಕ್ಕ’ ಅಂದ.) ಈ ಹಗಲು-ರಾತ್ರಿ ಲೆಕ್ಕ ಕಟ್ಟಿದವರು ಯಾರೋ, ಕೋರ್ಟಿನ ಜವಾನರಿಂದ ಹಿಡಿದು ಬಸ್ ಸ್ಟ್ಯಾಂಡಿನ ತನಕ ಎಲ್ಲರ ಬಾಯಲ್ಲೂ ಇದೆ. ಜೈಲಿನಲ್ಲೂ ದಿನಕ್ಕೆ ಇಪ್ಪತ್ನಾಲ್ಕು ಗಂಟೆಯೇ. ಜೀವಾವಧಿ ಅಂದರೆ ಜೀವ ಇರುವ ತನಕ. 1961ರಲ್ಲೇ ಸುಪ್ರೀಂ ಕೋರ್ಟು ಗೋಪಾಲ್ ಗೋಡ್ಸೆ ಕೇಸಿನಲ್ಲಿ ಹೇಳಿದ ಮಾತು. ಗಲ್ಲಿಗೂ ಅವಕಾಶವಿದ್ದ ಅಪರಾಧಕ್ಕೆ ಜೀವಾವಧಿ ಆದವರನ್ನು ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡಬೇಕಾದರೂ ಕನಿಷ್ಠ ಹದಿನಾಲ್ಕು ವರ್ಷ ಒಳಗೆ ಕಳೆದಿರಬೇಕು ಅನ್ನುವುದು ಕಾನೂನು. ಆ ಕನಿಷ್ಠವನ್ನೇ ನಾವು ಗರಿಷ್ಠ ಮಾಡಿಕೊಂಡಿದ್ದೇವೆ.

ಈ ಹದಿನಾಲ್ಕರ ಲೆಕ್ಕ ಸುಪ್ರೀಂ ಕೋರ್ಟನ್ನೂ ಕಾಡಿದ್ದು ನಮ್ಮ ರಾಜ್ಯದ ಕೇಸಿನಲ್ಲೇ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಕೀರಾ 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದರು. ಗಂಡ ಸ್ವಾಮಿ ಶ್ರದ್ಧಾನಂದ ಆಕೆಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿದ್ದ. 1994ರಲ್ಲಿ ಅಗೆದು ತೆಗೆದರು. ಸೆಷನ್ಸ್ ಕೋರ್ಟು ಗಲ್ಲು ಅಂದಿತು, ಹೈಕೋರ್ಟೂ ಗಲ್ಲು ಅಂದಿತು. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೂತರು. ಸಿನ್ಹಾ ಅವರು ಜೀವಾವಧಿ ಸಾಕು ಅಂದರು, ಕಾಟ್ಜು ಅವರು ಗಲ್ಲೇ ಸರಿ ಅಂದರು. ಒಂದೇ ಫೈಲು, ಅದೇ ಸಾಕ್ಷಿ, ಒಂದೇ ಬೆಂಚು! ಹೋಟೆಲಿನಲ್ಲಿ ನಾವು ನೀವು ಜಗಳ ಆಡಿದರೆ ಏನಾಶ್ಚರ್ಯ. ಕೊನೆಗೆ 2008ರಲ್ಲಿ ಮೂವರ ಪೀಠ ಹೊಸ ದಾರಿ ಹುಡುಕಿತು. ಗಲ್ಲು ಜಾಸ್ತಿಯಾಯಿತು, ಜೀವಾವಧಿ ಕೊಟ್ಟರೆ ಹದಿನಾಲ್ಕಕ್ಕೇ ಹೊರಗೆ ಬರುತ್ತಾನೆ, ಅದು ತೀರಾ ಕಡಿಮೆಯಾಯಿತು. ಆದ್ದರಿಂದ ಯಾವ ಮಾಫಿಯೂ ಇಲ್ಲದೆ ಸಾಯುವ ತನಕ ಜೈಲು. 2015ರಲ್ಲಿ ಸಂವಿಧಾನ ಪೀಠವೂ ಇದನ್ನು ಒಪ್ಪಿತು. ಜನರ ಅಸಮಾಧಾನ ಮುಂಬಾಗಿಲಿನಿಂದ ಬರಬಾರದು ಅಂತ 1980ರಲ್ಲಿ ಬೋರ್ಡು ಹಾಕಿದ್ದರಲ್ಲ, ಹಿತ್ತಲಿನಿಂದ ಬಂದು ಕೂತದ್ದು ಹೀಗೆ ಅಂತ ನನ್ನ ಅನಿಸಿಕೆ.

ಇನ್ನು ಜಡ್ಜ್ ಕೈಯಲ್ಲಿ ಏನೂ ಇಲ್ಲದ ಕೇಸುಗಳೂ ಇವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಿರುವ ಪೋಕ್ಸೋ ಕಾಯ್ದೆಯ ಗಂಭೀರ ಕಲಮುಗಳಲ್ಲಿ 2019ರ ತಿದ್ದುಪಡಿ ನಂತರ ಕನಿಷ್ಠವೇ ಇಪ್ಪತ್ತು ವರ್ಷ. ಉಳಿದ ಕಡೆ ‘ಮೂರು ವರ್ಷದ ತನಕ’, ‘ಏಳು ವರ್ಷದ ತನಕ’. ತನಕ ಅನ್ನುವ ಆ ಒಂದು ಪದದೊಳಗೆ ಜಡ್ಜ್ ಒಬ್ಬರೇ ಓಡಾಡಬೇಕು. ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳೀಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಮಾಡಿ ಅಂದಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೆಂದೇ 2010ರಿಂದ ಒಂದು ಮಂಡಳಿ ಇದೆ. ನಮ್ಮ ಸಂಸತ್ತು ಹೊಸ ಸಂಹಿತೆ ಬರೆಯುವಾಗಲೂ ಆ ಗೋಜಿಗೆ ಹೋಗಲಿಲ್ಲ.

ಇಷ್ಟು ಹೊತ್ತು ಜನರಿಗೆ ಗೊತ್ತಿಲ್ಲ, ಗೊತ್ತಿಲ್ಲ ಅಂದೆ. ಈಗ ನಮ್ಮ ಕಡೆಯ ಹುಳುಕು.

1973ರ ಸಂಹಿತೆ ಒಂದು ಒಳ್ಳೆಯ ಕೆಲಸ ಮಾಡಿತು. ದೋಷಿ ಅಂತ ತೀರ್ಮಾನವಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯಾಗಿ ಕೇಳಬೇಕು ಅಂತ ಇಟ್ಟಿತು. ಇದು ಶಾಸ್ತ್ರಕ್ಕೆ ಮಾಡುವುದಲ್ಲ ಅಂತ 1976ರಲ್ಲೇ ಸಂತಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾನು ಕಂಡದ್ದು ಹೇಳಲಾ? ಕಟಕಟೆಯಲ್ಲಿ ಅವನು ಇನ್ನೂ ‘ದೋಷಿ’ ಅನ್ನುವ ಪದವನ್ನೇ ಅರಗಿಸಿಕೊಳ್ಳುತ್ತಿರುತ್ತಾನೆ. ‘ಶಿಕ್ಷೆ ಬಗ್ಗೆ ಏನಾದರೂ ಹೇಳೋದಿದೆಯಾ?’ ಅಂತ ಪ್ರಶ್ನೆ. ‘ಬಡವ ಸ್ವಾಮಿ.’ ಮುಗಿಯಿತು. ಪಿ.ಪಿ., ಅಂದರೆ ಸರ್ಕಾರಿ ವಕೀಲರು, ಎದ್ದು ‘ಗರಿಷ್ಠ ಕೊಡಬೇಕು’ ಅನ್ನುತ್ತಾರೆ, ಇವನ ವಕೀಲರು ‘ಕನಿಷ್ಠ ಕೊಡಬೇಕು’ ಅನ್ನುತ್ತಾರೆ. ಸಾಕ್ಷಿ ವಿಚಾರಣೆಗೆ ನಾಲ್ಕು ವರ್ಷ ವಾಯಿದೆ ಮೇಲೆ ವಾಯಿದೆ, ಶಿಕ್ಷೆಗೆ ನಾಲ್ಕು ನಿಮಿಷ.

ಆ ನಾಲ್ಕು ನಿಮಿಷವೂ ಉಳಿಯಲಿ ಅಂತ ನನ್ನ ಕಂಪ್ಯೂಟರಿನಲ್ಲಿ ಒಂದು ಪ್ಯಾರಾ ರೆಡಿ ಇಟ್ಟುಕೊಂಡಿದ್ದೆ. ‘ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನು ಕೇಳಲಾಯಿತು. ತಾನು ಬಡವನೆಂದೂ, ಹೆಂಡತಿ ಹಾಗೂ ಇಬ್ಬರು ಚಿಕ್ಕ ಮಕ್ಕಳಿಗೆ ತಾನೊಬ್ಬನೇ ಆಧಾರವೆಂದೂ, ಕನಿಕರ ತೋರಬೇಕೆಂದೂ ಪ್ರಾರ್ಥಿಸಿದನು.’ ಹೆಸರು, ನಂಬರು ಬದಲಾಯಿಸಿದರೆ ಆಯಿತು. ಯಾವ ಕೋರ್ಟು, ಯಾವ ವರ್ಷ ಅಂತ ಹೇಳುವುದಿಲ್ಲ. ಒಂದು ದಿನ ತೀರ್ಪಿನ ನಕಲು ಕೊಡುವಾಗ ಓದಿ ನೋಡುತ್ತೇನೆ, ಅಪರಾಧಿಗೆ ಇಪ್ಪತ್ತೆರಡು ವರ್ಷ, ಮದುವೆಯೇ ಆಗಿಲ್ಲ. ನಾನು ಅವನಿಗೆ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕೊಟ್ಟಿದ್ದೆ. ಅದನ್ನು ಓದಿದವರು, ಸಹಿ ಹಾಕಿದವರು, ವಾದಿಸಿದವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನ ತಾಯಿ ಕಾರಿಡಾರಿನಲ್ಲಿ ಕೂತು ನಕಲಿಗೆ ಕಾಯುತ್ತಿದ್ದರು. ಇಂಗ್ಲಿಷಿನಲ್ಲಿತ್ತು, ಅವರು ಓದಲಾರರು. ಹಾಗೇ ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು ಹೋದರು.

ನಿಮ್ಮ ಹಾಗೆ ನಾಯಿ ಯಾಕೆ ಬೊಗಳಲಿಲ್ಲ ಅಂತ ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. 2022ರ ಮನೋಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಕೇಸುಗಳಿಗೆ, ಆರೋಪಿಯ ಹಿನ್ನೆಲೆ, ಮನಸ್ಥಿತಿ, ಜೈಲಿನ ನಡತೆ ಎಲ್ಲ ವಿವರ ತರಿಸಿಕೊಳ್ಳಿ ಅಂದಿದೆ. ಮೆಣಸಿನ ಚೀಲದ ಕೇಸಿಗೆ ಯಾರು ತರಿಸುತ್ತಾರೆ? ತರಿಸಲು ದಾರಿ ಇಲ್ಲ ಅಂತಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ಇಪ್ಪತ್ತೊಂದು ತುಂಬದವನನ್ನು ಇಂಥ ಕೇಸಿನಲ್ಲಿ ಜೈಲಿಗೆ ಕಳಿಸುವ ಮೊದಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು, ಕಳಿಸುವುದೇ ಆದರೆ ಯಾಕೆ ಅಂತ ಬರೆಯಬೇಕು. ನಮ್ಮ ಹುಡುಗನಿಗೆ ಈ ಕಾಯ್ದೆ ಸಿಕ್ಕಿತು. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ದೊಡ್ಡವನಿಗೆ ಜೈಲಾಯಿತು. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅಂತ ಹೊಸ ಶಿಕ್ಷೆಯೂ ಇದೆ. ಆದರೆ ಕಳ್ಳತನದಲ್ಲಿ ಅದು ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲಿಗೆ, ಅದೂ ಮೊದಲ ಸಲಕ್ಕೆ, ಮಾಲು ಹಿಂತಿರುಗಿಸಿದರೆ ಮಾತ್ರ. ಇವತ್ತಿನ ರೇಟಿನಲ್ಲಿ ಹತ್ತು ಕೆಜಿ ಮೆಣಸೂ ಅದರೊಳಗೆ ಬರುವುದಿಲ್ಲ.

ನನ್ನ ಮಾತು ಇಷ್ಟೇ. ಕೋರ್ಟಿನ ಹಾಲಿನಲ್ಲಿ ಹಿಂದೆ ಬೆಂಚುಗಳಿರುತ್ತವೆ, ಯಾರು ಬೇಕಾದರೂ ಹೋಗಿ ಕೂರಬಹುದು. ಸಾಕ್ಷಿ ಹೇಳುವ ದಿನ ಬೇಡ, ಶಿಕ್ಷೆ ಹೇಳುವ ದಿನ ಹೋಗಿ ಕೂತುಕೊಳ್ಳಿ. ಹಿಂದೆ ಹತ್ತು ಜನ ಕೇಳುತ್ತಿದ್ದಾರೆ ಅಂದರೆ ಡಿಕ್ಟೇಶನ್ ಬೇರೆ ಥರ ಬರುತ್ತದೆ. ನಾನು ಬರೆದುಕೊಂಡವನು, ನನಗೆ ಗೊತ್ತು.

(ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಯಜಮಾನರು ಎದ್ದು ನಿಂತರು. ತೋಟದವರೇ.)

‘ನೀವು ಹುಡುಗನ ಕಥೆ ಇಷ್ಟು ಹೇಳಿದಿರಿ. ತೋಟದವನ ಕಥೆ ಒಂದು ಸಾಲೂ ಹೇಳಲಿಲ್ಲ. ಹೋದ ಸೀಸನ್ನಿನಲ್ಲಿ ನಮ್ಮದೂ ಹೋಯಿತು. ಎರಡು ತಿಂಗಳು ನಾನು, ನನ್ನ ಮಗ ಕಣದಲ್ಲೇ ಮಲಗಿದ್ವಿ, ಆ ಚಳಿಯಲ್ಲಿ. ಗೇಟಿಗೆ ಸಿಗಂದೂರು ಚೌಡಮ್ಮನ ಕಾವಲು ಅಂತ ಬೋರ್ಡೂ ಹಾಕಿದ್ವಿ.’

ನಾನು, ನೀವು ಹೇಳಿದ್ದು ನ್ಯಾಯ, ಅದು ನನ್ನ ತಪ್ಪು ಅಂದೆ.

‘ಇರಲಿ. ಜಡ್ಜ್ ಕೊಟ್ಟ ಶಿಕ್ಷೆ ಕಡಿಮೆಯಾಯಿತು ಅಂತ ನಾನು ಅಪೀಲು ಹೋಗಬಹುದಾ?’

ಆಗೋದಿಲ್ಲ ಅಂದೆ. ಆರೋಪಿಯನ್ನು ಖುಲಾಸೆ ಮಾಡಿದರೆ ಹೋಗಬಹುದು, ಚಿಕ್ಕ ಕಲಮಿಗೆ ಇಳಿಸಿದರೆ ಹೋಗಬಹುದು, ಪರಿಹಾರ ಸಾಲದಿದ್ದರೆ ಹೋಗಬಹುದು. 2009ರಿಂದ ಈ ಹಕ್ಕು ಇದೆ. ಶಿಕ್ಷೆ ಸಾಲದು ಅಂತ ಹೋಗಲು ಸರ್ಕಾರಕ್ಕೆ ಮಾತ್ರ ಅವಕಾಶ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ.

‘ಶಿಕ್ಷೆ ಹೇಳೋ ಮುಂಚೆ ನನ್ನನ್ನೊಂದು ಮಾತು ಕೇಳ್ತಾರಾ?’

ನಾನು ಇದ್ದಷ್ಟು ದಿನ ಕೇಳಿದ್ದು ನೋಡಿಲ್ಲ ಅಂದೆ.

‘ಹಾಗಾದರೆ ಆ ಕೇಸಲ್ಲಿ ನಾನು ಯಾರು?’

ಪ್ರಾ.ಸಾ. 1, ಅಂದೆ. ಪ್ರಾಸಿಕ್ಯೂಷನ್ ಸಾಕ್ಷಿ ಒಂದು.

ಅವರು ಕೂತರು. ಅಷ್ಟರಲ್ಲಿ ಕಾಫಿ ಬಂತು.